ಅಂಗಳದ ಕಾರು ಮನೆಗೆ ಕರೆಂಟು ಕೊಡಲಿ, ಕಂಬಕ್ಕೆ ಕೊಡದಿರಲಿ

ಸಂಪಾದಕರಿಗೆ,

ಮಾನ್ಯರೇ,

ಕರಾವಳಿಯ ಮಳೆಗಾಲದಲ್ಲಿ ಕರೆಂಟು ಹೋಗುವ ಬಗೆಯನ್ನು ನಿಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯ ಯಲ್ಲೂರಿನಲ್ಲೇ ಇದ್ದರೂ, ಹಿರಿಯಡ್ಕದಿಂದ ಒಳಗೆ ತೋಟಗಳ ನಡುವೆ ಹಾದುಬರುವ ತಂತಿಯ ಮೇಲೆ ಒಂದೇ ಒಂದು ಅಕೇಶಿಯಾ ಮರ ಮಗುಚಿ ಬಿದ್ದರೆ ಇಡೀ ಊರು ಕತ್ತಲಾಗುತ್ತದೆ. ಆ ಮರವನ್ನು ಕಡಿದು, ಮುರಿದ ಕಂಬವನ್ನು ಬದಲಿಸಿ, ಸುರಿಯುವ ಮಳೆಯಲ್ಲೇ ತಂತಿ ಎಳೆಯುವ ಪವರ್‌ಮ್ಯಾನ್‌ಗಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಎಲೆಕ್ಟ್ರಿಕ್ ಕಾರಿನಿಂದ ಮನೆಗೆ ಕರೆಂಟು ಪಡೆಯುವ ಬಗ್ಗೆ ಈ ಪತ್ರ ಬರೆಯಲು ಅವರ ಪ್ರಾಣದ ಕಾಳಜಿಯೂ ಒಂದು ಕಾರಣ.

ಕಳೆದ ವರ್ಷ ಜುಲೈ ತಿಂಗಳ ಗಾಳಿಮಳೆಗೆ ನಮ್ಮಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ನನ್ನ ತಾಯಿಗೆ ಎಂಬತ್ತು ದಾಟಿದೆ. ರಾತ್ರಿ ಮಲಗುವಾಗ ಅವರಿಗೆ, ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು. ಆ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ನಮ್ಮ ಇನ್‌ವರ್ಟರ್‌ನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ, ಬ್ಯಾಟರಿ ಕೆಡದಂತೆ ಬಳಸಿದರೆ ಸಿಗುವುದು ಹೆಚ್ಚುಕಡಿಮೆ ಒಂದೇ ಯೂನಿಟ್. ಮೊದಲನೆಯ ರಾತ್ರಿ ಎರಡು ಗಂಟೆಗೆ, ಚಾರ್ಜ್ ಮುಗಿಯಿತೆಂದು ಇನ್‌ವರ್ಟರ್ ಕೂಗಲು ಶುರು ಮಾಡಿತು. ಆಗ ಅಂಗಳದಲ್ಲಿ, ತಗಡಿನ ಚಪ್ಪರದಡಿ, ಹಿಂದಿನ ದಿನವಷ್ಟೇ ಪೂರ್ತಿ ಚಾರ್ಜ್ ಮಾಡಿದ್ದ ನಮ್ಮ ಎಲೆಕ್ಟ್ರಿಕ್ ಕಾರು ಮೂವತ್ತು ಯೂನಿಟ್ ವಿದ್ಯುತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿತ್ತು.

ಕಾರಿನಿಂದ ಹೊರಗೆ 230 ವೋಲ್ಟ್ ವಿದ್ಯುತ್ ಕೊಡುವ ಸೌಲಭ್ಯ ಈಗ ನಮ್ಮ ದೇಶದಲ್ಲಿ ಮಾರಾಟವಾಗುವ ಹಲವು ಮಾದರಿಗಳಲ್ಲಿದೆ. 2023ರಲ್ಲಿ ಹೊಸ ರೂಪದಲ್ಲಿ ಬಂದ ಟಾಟಾ ನೆಕ್ಸಾನ್ ಇವಿ, ಅದೇ ವರ್ಷ ಬಂದ ಹುಂಡೈ ಅಯಾನಿಕ್ 5 ಇವೆರಡರಲ್ಲೂ ಅದು ಇದೆ, ಸಿಗುವ ಶಕ್ತಿ ಸುಮಾರು ಮೂರೂವರೆ ಕಿಲೋವಾಟ್ ಆಸುಪಾಸಿನದು. ಕಾರನ್ನು ಚಾರ್ಜ್ ಮಾಡುವ ಜಾಗಕ್ಕೇ ಒಂದು ಅಡಾಪ್ಟರ್ ಸಿಕ್ಕಿಸಿದರೆ ಮಾಮೂಲಿ ಮೂರು ಪಿನ್ನಿನ ಸಾಕೆಟ್ ಸಿಗುತ್ತದೆ. ನಾವು ಕಾರು ಕೊಂಡ ಮಳಿಗೆಯಲ್ಲಿ ಇದರ ಬಗ್ಗೆ ಯಾರೂ ಹೇಳಿರಲಿಲ್ಲ. ನನ್ನ ಮಗಳು ಕೈಪಿಡಿ ಓದಿ, ಅಡಾಪ್ಟರನ್ನು ಬೇರೆಯಾಗಿ ತರಿಸಿಟ್ಟಿದ್ದಳು. ಆ ರಾತ್ರಿ ಅಡುಗೆಮನೆಯ ಕಿಟಕಿಯ ಸಂದಿನಿಂದ ದಪ್ಪ ವಯರಿನ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಮಳೆನೀರು ವಯರಿನ ಗುಂಟ ಒಳಗೆ ಇಳಿಯದಂತೆ ಕಿಟಕಿಯ ಹೊರಗೆ ಅದನ್ನು ಕೆಳಕ್ಕೆ ಬಾಗಿಸಿ ಕಟ್ಟಿ, ಯಂತ್ರವನ್ನು ನೇರವಾಗಿ ಅದಕ್ಕೇ ಹಾಕಿದೆವು. ಅಮ್ಮನ ಉಸಿರು ಹದಕ್ಕೆ ಬಂದ ಮೇಲೆಯೇ ನಮಗೆ ಮಳೆಯ ಸದ್ದು ಕೇಳಿಸಿದ್ದು.

ಮೂರು ದಿನಗಳಲ್ಲಿ ಆ ಯಂತ್ರ, ಫ್ರಿಜ್ಜು, ಮೂರು ಫ್ಯಾನು, ನಾಲ್ಕು ಎಲ್‌ಇಡಿ ದೀಪ ಇಷ್ಟಕ್ಕೆ ಖರ್ಚಾದದ್ದು ಇಪ್ಪತ್ತು ಯೂನಿಟ್‌ಗಿಂತ ತುಸು ಕಡಿಮೆ. ತುರ್ತು ಬಂದರೆ ಮಣಿಪಾಲದ ಆಸ್ಪತ್ರೆಗೆ ಹೋಗಿಬರುವಷ್ಟು ಚಾರ್ಜನ್ನು ನಾವು ಮುಟ್ಟಲೇ ಇಲ್ಲ. ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂದು ಮೊದಲೇ ಗೊತ್ತುಮಾಡಿಡುವ ಅನುಕೂಲ ಕೆಲವು ಕಾರುಗಳಲ್ಲೇ ಇದೆ. ಒಂದು ಮಾತನ್ನು ಮಾತ್ರ ಅನುಭವದಿಂದ ಹೇಳಬೇಕು. ಒಂದು ದೀಪ ಉರಿಸಿದರೂ ಹತ್ತು ದೀಪ ಉರಿಸಿದರೂ ಕಾರು ಎಚ್ಚರವಾಗಿರಲು ಅದರದೇ ಒಂದು ಖರ್ಚಿದೆ. ಆದ್ದರಿಂದ ದಿನವಿಡೀ ಒಂದು ಫ್ಯಾನಿಗಾಗಿ ಅದನ್ನು ಚಾಲೂ ಇಡುವುದಕ್ಕಿಂತ, ಒಂದಷ್ಟು ಗಂಟೆ ಫ್ರಿಜ್ಜಿನ ಜೊತೆಗೆ ಇನ್‌ವರ್ಟರ್ ಬ್ಯಾಟರಿಯನ್ನೂ ತುಂಬಿಸಿಕೊಂಡು ಆರಿಸುವುದು ಲೇಸು. ಬಾವಿಯ ಪಂಪಿನ ವಿಚಾರ ಅಷ್ಟು ಸರಳವಲ್ಲ. ಒಂದು ಎಚ್‌ಪಿ ಮೋಟಾರು ಓಡುವಾಗ ಒಂದು ಕಿಲೋವಾಟ್ ಚಿಲ್ಲರೆ ಸಾಕಾದರೂ, ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುವುದರಿಂದ ಕಾರು ಟ್ರಿಪ್ ಆಗಬಹುದು, ಅಂದರೆ ಕರೆಂಟು ಕೊಡುವುದನ್ನು ತಾನಾಗಿ ನಿಲ್ಲಿಸಬಹುದು. ತೋಟಕ್ಕೆಂದು ತ್ರೀ ಫೇಸ್ ಪಂಪು ಇಟ್ಟವರಿಗೆ ಕಾರಿನ ಸಿಂಗಲ್ ಫೇಸ್ ಉಪಯೋಗಕ್ಕೇ ಬರುವುದಿಲ್ಲ.

ನನ್ನ ಆತಂಕ ಶುರುವಾದದ್ದು ಎರಡನೆಯ ದಿನ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು, "ಕೋಣೆಕೋಣೆಗೆ ವಯರು ಎಳೆಯುವುದು ಯಾಕೆ, ಇಡೀ ಮನೆಗೇ ಕೊಡುವ" ಎಂದು ಎರಡೂ ತುದಿಗೆ ಪಿನ್ನು ಕಟ್ಟಿದ ಒಂದು ವಯರನ್ನು ತಂದರು. ಒಂದು ತುದಿ ಕಾರಿನ ಸಾಕೆಟ್ಟಿಗೆ, ಇನ್ನೊಂದು ತುದಿ ಗೋಡೆಯ ಪವರ್ ಪ್ಲಗ್ಗಿಗೆ. ಮೈನ್ ಸ್ವಿಚ್ ಆಫ್ ಮಾಡಿದರೆ ಆಯಿತು ಎಂಬುದು ಅವರ ಮಾತಾಗಿತ್ತು. ಅದು ಜಗಲಿಯ ಮೇಜಿನ ಮೇಲಿದ್ದಾಗಲೇ, ನಮ್ಮ ಗೇಟಿನ ಬಳಿಯ ಕಂಬಕ್ಕೆ ಏಣಿ ಇಟ್ಟ ಪವರ್‌ಮ್ಯಾನ್, ಬಾಗಲಕೋಟೆ ಕಡೆಯ ಹುಡುಗ, ಅಂಗಳದ ಕಾರಿನಿಂದ ಕಿಟಕಿಗೆ ಹೋಗಿದ್ದ ವಯರನ್ನು ಕಂಡು ಏಣಿಯಿಂದ ಕೆಳಗಿಳಿದು ಬಂದ. "ಇದು ಎಲ್ಲಿಗ್ ಹೋಗೈತ್ರೀ? ಮೇನ್ ಲೈನಿಗೆ ಕೊಟ್ಟೀರೇನು?" ಎಂದು ಕೇಳಿದ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಣ್ಣಾರೆ ನೋಡಿದ ಮೇಲೆಯೇ ಅವನು ಮತ್ತೆ ಏಣಿ ಹತ್ತಿದ್ದು. ಮೇಜಿನ ಮೇಲಿದ್ದ ವಯರಿನ ಕಡೆ ನೋಡಲು ಆಮೇಲೆ ನನಗೆ ಕೈಕಾಲು ನಡುಗಿತು.

ಯಾಕೆಂದರೆ, ಮೈನ್ ಸ್ವಿಚ್ ಆಫ್ ಮಾಡಲು ಒಬ್ಬರು ಮರೆತರೂ ಸಾಕು, ಮನೆಯೊಳಗಿನ ವಿದ್ಯುತ್ ಮೀಟರನ್ನು ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11 ಸಾವಿರ ವೋಲ್ಟನ್ನು ಇಳಿಸಿ ನಮಗೆ ಕೊಡುವಂತೆಯೇ, ನಮ್ಮ ಕಡೆಯಿಂದ ಹೋದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಅತ್ತ ಕಡೆಗೆ ಕೊಡುತ್ತದೆ. ಊರಿನ ಎಲ್ಲ ಮನೆಗಳ ಲೋಡ್ ಒಮ್ಮೆಲೇ ಬಿದ್ದು ಕಾರು ತಾನಾಗಿ ಟ್ರಿಪ್ ಆಗುತ್ತದೆ, ಅಪಾಯವಿಲ್ಲ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆದರೆ ಗಾಳಿಮಳೆಯಲ್ಲಿ ತಂತಿ ತುಂಡಾಗುವುದು ಎಷ್ಟೋ ಸಲ ನಮ್ಮ ಮನೆಯ ಮುಂದಿನ ಎರಡನೆಯ ಕಂಬದಲ್ಲೇ. ಆಗ ಆ ತುಂಡು ತಂತಿಗೆ ಬೇರೆ ಯಾವ ಲೋಡೂ ಇರುವುದಿಲ್ಲ, ಕಾರು ಟ್ರಿಪ್ ಆಗುವುದೂ ಇಲ್ಲ, ಸತ್ತಿದೆ ಎಂದು ಎಲ್ಲರೂ ನಂಬಿದ ತಂತಿ ಜೀವ ತೆಗೆಯಲು ಕಾದಿರುತ್ತದೆ. ಇನ್ನು, ಆ ವಯರಿನ ಒಂದು ತುದಿ ಗೋಡೆಯಿಂದ ಕಳಚಿ ಬಿದ್ದರೆ ಬರಿಗೈಗೆ ಸಿಗುವ ಪಿನ್ನಿನಲ್ಲೇ ಪೂರ್ತಿ ಕರೆಂಟು ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಯೋಚಿಸಲೂ ಆಗದು.

ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಂಡವರಿಗೆ ಈ ಅಪಾಯದ ಅರಿವು ಇನ್ನೊಂದು ರೀತಿಯಲ್ಲಿ ಆಗಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮೂರು ಕಿಲೋವಾಟ್ ಹಾಗೂ ಅದಕ್ಕಿಂತ ಹೆಚ್ಚಿನ ಘಟಕಕ್ಕೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಆದರೆ ಬ್ಯಾಟರಿಯಿಲ್ಲದ ಇಂಥ ಘಟಕಗಳು, ಲೈನಿನಲ್ಲಿ ಕರೆಂಟು ಹೋದೊಡನೆ, ಬಿಸಿಲಿದ್ದರೂ ತಾವಾಗಿ ನಿಂತುಬಿಡುತ್ತವೆ. ಹಣ ಹಾಕಿಯೂ ಕತ್ತಲೆಯಲ್ಲಿ ಕೂರಬೇಕೇ ಎಂದು ನೊಂದುಕೊಳ್ಳುವವರಿದ್ದಾರೆ. ಅದು ನಿಲ್ಲುವುದು ಕಂಬದ ಮೇಲಿರುವ ಮನುಷ್ಯನ ಪ್ರಾಣಕ್ಕಾಗಿಯೇ. ಸೋಲಾರ್ ಇನ್‌ವರ್ಟರ್‌ಗೆ ಕಡ್ಡಾಯವಾಗಿ ಕಲಿಸಿರುವ ಈ ಎಚ್ಚರ ಕಾರಿನ ಸಾಕೆಟ್ಟಿಗೆ ಇಲ್ಲ. ಅದಕ್ಕೆ ಸಿಕ್ಕಿಸಿದ ಪಿನ್ನು ಮಿಕ್ಸಿಯದೋ ಇಡೀ ಮನೆಯದೋ ಅದಕ್ಕೆ ತಿಳಿಯದು.

ಸರಿಯಾದ ದಾರಿ ಏನೂ ದೊಡ್ಡ ಆವಿಷ್ಕಾರವಲ್ಲ. ಜನರೇಟರ್ ಇಟ್ಟವರು ಮೊದಲಿನಿಂದಲೂ ಬಳಸುವ ಚೇಂಜ್‌ಓವರ್ ಸ್ವಿಚ್ ಸಾಕು: ಹಿಡಿಕೆ ಒಂದು ಕಡೆ ಇದ್ದರೆ ಲೈನು, ಇನ್ನೊಂದು ಕಡೆ ಇದ್ದರೆ ಕಾರು, ಎರಡೂ ಒಟ್ಟಿಗೆ ಸೇರಲು ಎಡೆಯೇ ಇಲ್ಲ. ಆದರೆ ಅದು ಕರೆಂಟು ಬರುವ ಫೇಸ್ ತಂತಿಯನ್ನು ಮಾತ್ರವಲ್ಲದೆ, ಅದು ಮರಳಿ ಹೋಗುವ ನ್ಯೂಟ್ರಲ್ ತಂತಿಯನ್ನೂ ಕಡಿಯುವಂಥದ್ದಾಗಬೇಕು. ಇನ್‌ವರ್ಟರ್‌ನ ಪಿನ್ನನ್ನು ಗೋಡೆಯಿಂದ ತೆಗೆದು ಕಾರಿನಿಂದ ಬಂದ ಸಾಕೆಟ್ಟಿಗೆ ಹಾಕಿದರೆ ಸಾಕು ಎಂದು ಹೇಳುವವರ ಉಪಾಯವೂ ಒಳ್ಳೆಯದೇ, ಆದರೆ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಇನ್‌ವರ್ಟರ್ ಲೈನಿಗೂ ಮೈನ್ ಲೈನಿಗೂ ನ್ಯೂಟ್ರಲ್ ಒಂದೇ ಎಳೆದಿರುವುದರಿಂದ, ವಯರಿಂಗ್ ನೋಡದೆ ಹಾಗೆ ಮಾಡುವಂತಿಲ್ಲ. ಅರ್ಥಿಂಗ್ ಕೂಡ ಪರೀಕ್ಷಿಸಬೇಕು. ಕಾರಿನಿಂದ ಬರುವ ವಿದ್ಯುತ್ತಿಗೆ ನೆಲದ ಸಂಬಂಧ ಸರಿಯಾಗಿ ಇಲ್ಲದಿದ್ದರೆ, ಶಾಕ್ ಹೊಡೆಯುವಾಗ ಕರೆಂಟು ಕಡಿಯಬೇಕಾದ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚು ಕಡಿಯದೆ ಸುಮ್ಮನಿರಬಹುದು. ಮುರಕಲ್ಲಿನ ನೆಲದಲ್ಲಿ ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಗಳ ಸ್ಥಿತಿ ಏನೆಂಬುದನ್ನು ಇಲ್ಲಿಯ ಯಾವ ಅನುಭವಿ ಎಲೆಕ್ಟ್ರಿಷಿಯನ್ ಆದರೂ ಹೇಳುತ್ತಾರೆ.

ಹೊರದೇಶಗಳಲ್ಲಿ ಇದು ಹೊಸತಲ್ಲ. 2011ರ ಭೂಕಂಪ ಮತ್ತು ಸುನಾಮಿಯ ನಂತರ ಜಪಾನಿನಲ್ಲಿ, ಮರುವರ್ಷವೇ, ನಿಸಾನ್ ಲೀಫ್ ಕಾರಿನಿಂದ ಇಡೀ ಮನೆಗೆ ವಿದ್ಯುತ್ ಕೊಡುವ ಗೋಡೆಪೆಟ್ಟಿಗೆ ಮಾರುಕಟ್ಟೆಗೆ ಬಂತು. ನಮ್ಮ ರಾಜ್ಯವೂ ಹಿಂದೆ ಬಿದ್ದದ್ದಲ್ಲ. 2017ರಲ್ಲಿ ದೇಶದಲ್ಲೇ ಮೊದಲಿಗೆ ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ಕರ್ನಾಟಕ, ಮತ್ತು ಆ ನೀತಿಯ ಹೆಸರಿನಲ್ಲೇ ವಾಹನದ ಜೊತೆಗೆ ವಿದ್ಯುತ್ ಸಂಗ್ರಹಣೆಯ ಮಾತೂ ಇತ್ತು. ಆ ಸಂಗ್ರಹ ಈಗ ಮಂಗಳೂರು, ಉಡುಪಿಯ ಅಂಗಳಗಳಿಗೆ ಬಂದು ನಿಂತಿದೆ. ಅದನ್ನು ಮನೆಗೆ ಜೋಡಿಸುವ ಕ್ರಮವನ್ನು ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಒಂದು ಹಾಳೆ ನಮ್ಮ ಕೈಯಲ್ಲಿರಬೇಕು.

ನಮಗೆ ವಿದ್ಯುತ್ ಸರಬರಾಜು ಮಾಡುವ ಮೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯ ಸೇರಿ, ಮುಂದಿನ ಮುಂಗಾರಿಗೆ ಮೊದಲು, ಚಿತ್ರ ಸಹಿತವಾದ ಅಂಥ ಮಾರ್ಗಸೂಚಿಯನ್ನು ಹೊರತರಬೇಕೆಂದು ನನ್ನ ವಿನಂತಿ. ಯಾವ ಬಗೆಯ ಸ್ವಿಚ್ಚು, ಎಷ್ಟು ದಪ್ಪದ ವಯರು, ಯಾರಿಂದ ಮಾಡಿಸಬೇಕು ಎಂಬುದು ಅದರಲ್ಲಿ ಇರಲಿ. ಸುರತ್ಕಲ್‌ನ ಎನ್‌ಐಟಿಕೆಯ ವಿದ್ಯುತ್ ವಿಭಾಗದವರ ನೆರವು ಪಡೆದರೆ, ಪರವಾನಗಿ ಪಡೆದ ಗುತ್ತಿಗೆದಾರರಿಗೆ ಒಂದು ದಿನದ ತರಬೇತಿ ಕೊಡುವುದೂ ಕಷ್ಟವಲ್ಲ. ಕಾರು ಮಾರುವವರು ಬೀಗದ ಕೈ ಕೊಡುವ ದಿನವೇ ಅಡಾಪ್ಟರ್ ತೋರಿಸಿ, ಎರಡು ತುದಿಯ ಪಿನ್ನಿನ ವಯರು ಯಾಕೆ ಕೂಡದು ಎಂದು ಬಾಯಿಬಿಟ್ಟು ಹೇಳಬೇಕು. ಮೇ ತಿಂಗಳಲ್ಲಿ ತಂತಿಗೆ ತಾಗುವ ಕೊಂಬೆ ಕಡಿಯಲು ಸಿಬ್ಬಂದಿ ಊರೂರಿಗೆ ಬರುತ್ತಾರೆ. ಆಗಲೇ, ಕಾರು, ಜನರೇಟರ್ ಅಥವಾ ಬ್ಯಾಟರಿಯಿಂದ ವಿದ್ಯುತ್ ಬರುವ ಮನೆಗಳನ್ನು ನೋಡಿ, ಚೇಂಜ್‌ಓವರ್ ಇದೆ ಎಂದು ಖಚಿತಪಡಿಸಿಕೊಂಡು, ಮೀಟರ್ ಬೋರ್ಡಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿ ಹೋಗಲಿ. ಮಳೆಯಲ್ಲಿ ಏಣಿ ಹಿಡಿದು ಬರುವ ಆ ಹುಡುಗನಿಗೆ "ಇದು ಎಲ್ಲಿಗೆ ಹೋಗಿದೆ" ಎಂಬುದರ ಉತ್ತರ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಕಾಣುವಂತಿರಲಿ.

– ಒಬ್ಬ ವಿದ್ಯುತ್ ಗ್ರಾಹಕ, ಹಿರಿಯಡ್ಕ, ಉಡುಪಿ ತಾಲ್ಲೂಕು