ಅಥೆನ್ಸಿನ ದೀಪಸ್ತಂಭದ ಕುರಿತು ಮಗಳಿಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರಿಸಲಿಲ್ಲ. ತಾನಾಗಿಯೇ ಹತ್ತಿ ಆರುವ ದೀಪವನ್ನು ಒಂದು ಉಕ್ಕಿನ ಕಂಬದ ಮೇಲೂ ಇಡಬಹುದು, ಹೀಗಿರುವಾಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ನಡುವಿನ ಆ ಹಳೆಯ ದೀಪಸ್ತಂಭದ ಮನೆಯ ದುರಸ್ತಿಗೆ ಅಷ್ಟು ಹಣವೇಕೆ ಎಂದು ನೀನು ಕೇಳಿದ್ದೆ. ಮೂವತ್ತು ವರ್ಷ ಸೇತುವೆಗಳ ಅಡಿಪಾಯದ ಕೆಲಸದಲ್ಲೇ ಕಳೆದ ನನಗೆ ಅದನ್ನು ನಿಧಾನವಾಗಿ ಬರೆದು ತಿಳಿಸಬೇಕೆನಿಸಿತು.

ಅಥೆನ್ಸಿನ ದಡದಲ್ಲಿ ನಿಂತಿದ್ದಾಗ ಮರದ ತುಂಡೊಂದು ಉತ್ತರಕ್ಕೆ, ಅಂದರೆ ಮೇಲ್ಹರಿವಿನ ಕಡೆಗೆ, ತೇಲಿಹೋದದ್ದನ್ನು ಕಂಡು ನೀನು ಬೆರಗಾದೆಯಲ್ಲವೇ? ಸಮುದ್ರದ ಉಬ್ಬರವಿಳಿತ ಆ ನದಿಯಲ್ಲಿ ಅಥೆನ್ಸಿಗಿಂತ ಉತ್ತರಕ್ಕಿರುವ ಟ್ರಾಯ್ ಪಟ್ಟಣದ ಅಣೆಕಟ್ಟಿನವರೆಗೂ ತಲುಪುತ್ತದೆ. ಅಂಥ ನೀರಿನಲ್ಲಿ, ಹಡ್ಸನ್ ಮತ್ತು ಅಥೆನ್ಸ್ ಎಂಬ ಎರಡು ಊರುಗಳ ನಡುವೆ ಹಡಗುಗಳಿಗೆ ಅಪಾಯವಾಗಿದ್ದ ಕೆಸರು ದಿಬ್ಬವನ್ನು ತೋರಿಸಲೆಂದು 1874ರಲ್ಲಿ ಈ ದೀಪಸ್ತಂಭವನ್ನು ಕಟ್ಟಿದರು. ಕೆಂಪು ಇಟ್ಟಿಗೆಯ ಮನೆಯನ್ನು ಹೊತ್ತ ಗ್ರಾನೈಟ್ ಪೀಠದ ಉತ್ತರದ ತುದಿ ಹಡಗಿನ ಮೂತಿಯಂತೆ ಚೂಪಾಗಿದೆ. ಚಳಿಗಾಲದ ಕೊನೆಯಲ್ಲಿ ಒಡೆದು ಬರುವ ಮಂಜುಗಡ್ಡೆಯ ಹಾಳೆಗಳು ಅದಕ್ಕೆ ಬಡಿದು ಎರಡು ಪಾಲಾಗಿ ಸರಿದುಹೋಗಲಿ ಎಂದು. ನಮ್ಮ ಸೇತುವೆಗಳ ಕಂಬಗಳಿಗೂ ನೆರೆನೀರನ್ನು ಸೀಳಲು ಇಂಥ ಮೂತಿ ಇಡುತ್ತೇವಾದ್ದರಿಂದ, ಅದನ್ನು ಕಂಡೊಡನೆ ಪರಿಚಿತರೊಬ್ಬರನ್ನು ಕಂಡಂತಾಯಿತು.

ಆ ಮನೆಯಲ್ಲಿ ಸಂಸಾರಗಳು ಬದುಕಿದ್ದವು. 1930ರ ದಶಕದಲ್ಲಿ ಎಮಿಲ್ ಬ್ರನ್ನರ್ ಎಂಬ ದೀಪಪಾಲಕರು ಹೆಂಡತಿ ಮಕ್ಕಳೊಡನೆ ಅಲ್ಲಿದ್ದರು. ಮಂಜು ಕವಿದಾಗ ಬಾರಿಸುವ ಗಂಟೆಯ ಯಂತ್ರಕ್ಕೆ ಗಡಿಯಾರಕ್ಕೆ ಕೊಡುವಂತೆ ಕೈಯಿಂದ ಕೀಲಿ ಕೊಡಬೇಕಿತ್ತು. ಇಡೀ ರಾತ್ರಿ ಮಂಜಿದ್ದರೆ ಇಡೀ ರಾತ್ರಿ ಯಾರಾದರೂ ಎಚ್ಚರವಿರಬೇಕು.

ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಕಣ್ಣಿಗೆ ಕಾಣದ ಭಾಗ. ಪೀಠದ ಕೆಳಗೆ ನದಿಯ ತಳಕ್ಕೆ ಹೊಡೆದಿಳಿಸಿದ ಸುಮಾರು 200 ಮರದ ಕಂಬಗಳಿವೆ. ಅಜ್ಜನ ಮನೆಯ ಬಾವಿಯ ಕೆಸರು ತೆಗೆಸಿದಾಗ ತಳದಲ್ಲಿ ಹಾಸಿದ್ದ ನೆಲ್ಲಿಮರದ ಹಲಗೆ ಕಪ್ಪಾಗಿ, ಕಬ್ಬಿಣದಂತೆ ಗಟ್ಟಿಯಾಗಿ ಸಿಕ್ಕಿದ್ದನ್ನು ನಿನಗೆ ಹೇಳಿದ್ದೇನೆ. ಗಾಳಿ ಸೋಕದ ಕೆಸರಿನಲ್ಲಿ ಮರ ಕೊಳೆಯುವುದು ಬಹಳ ನಿಧಾನ. ಅಥೆನ್ಸಿನ ಬಳಿ ನೀರು ಸಿಹಿಯಾದ್ದರಿಂದ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿನ ಭಯವೂ ಇಲ್ಲ. ಆದರೆ ಹರಿವಿನ ಜೊತೆಗೆ, ಈಗ ಓಡಾಡುವ ದೊಡ್ಡ ಹಡಗುಗಳ ಪ್ರೊಪೆಲರ್ ಎಬ್ಬಿಸುವ ನೀರಿನ ರಭಸವೂ ಸೇರಿ ಕಂಬಗಳ ಸುತ್ತಲಿನ ಕೆಸರನ್ನು ಕೊಚ್ಚಿಹಾಕಿದೆ. ಕೆಸರಿನ ಹೊದಿಕೆ ಕಳೆದುಕೊಂಡ ಮರ ಕೊಳೆಯತೊಡಗಿದೆ. 2024ರಲ್ಲಿ ಇದನ್ನು ಅಮೆರಿಕದ ಅತಿ ಅಪಾಯದಲ್ಲಿರುವ 11 ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಗೋಡೆ ಬಿರುಕು ಬಿಟ್ಟಿದ್ದರೆ ಎಲ್ಲರಿಗೂ ಕಾಣುತ್ತಿತ್ತು, ಮಗಳೇ. ಇಲ್ಲಿ ಮನೆ ನೆಟ್ಟಗೆ ನಿಂತಿರುವಾಗಲೇ ಕೆಳಗಿನ ಕೆಲಸ ಮುಗಿಯಬೇಕು. ವಾಲಿದ ಮೇಲೆ ಎಷ್ಟು ಹಣ ಸುರಿದರೂ ಅದನ್ನು ಎತ್ತಿ ನಿಲ್ಲಿಸಲಾಗದು. ಸುತ್ತಲೂ ಉಕ್ಕಿನ ಗೋಡೆಯೊಂದನ್ನು ಇಳಿಸಿ ಅಡಿಪಾಯವನ್ನು ಕಾಪಾಡುವ ಯೋಜನೆ ನನಗೆ ಸರಿಯೆನಿಸುತ್ತದೆ. ಉಕ್ಕಿನ ಕಂಬವೊಂದು ದೀಪ ತೋರಿಸೀತು, ನಿಜ. ಆದರೆ ಅಷ್ಟು ವರ್ಷಗಳ ಮಂಜುಗಡ್ಡೆಯನ್ನು ಎದುರಿಸಿ ನಿಂತ ಆ ಕಲ್ಲುಕೆಲಸವನ್ನು ಮತ್ತೆ ಯಾರು ಕಟ್ಟುತ್ತಾರೆ?

ಜನವರಿಯಲ್ಲಿ ಆಲ್ಬನಿಯಿಂದ ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗುವಾಗ ಬಲಗಡೆಯ ಕಿಟಕಿಯ ಪಕ್ಕ ಕುಳಿತುಕೋ. ಹಡ್ಸನ್ ನಿಲ್ದಾಣದ ಸುತ್ತಮುತ್ತ ಅದು ಕಾಣಿಸುತ್ತದೆ. ಉತ್ತರದ ಮೂತಿಗೆ ಮಂಜುಗಡ್ಡೆ ಒತ್ತಿಕೊಂಡಿದ್ದರೆ ಒಂದು ಫೋಟೋ ತೆಗೆದು ಕಳುಹಿಸು.

ಇತಿ,
ನಿನ್ನ ಅಪ್ಪ