ಚಹಾ ತೋಟದಿಂದ ಲಗಾನ್ ದಂಡೆಗೆ

ಬೆಲ್‌ಫಾಸ್ಟ್‌ಗೆ (ಉತ್ತರ ಐರ್ಲೆಂಡಿನ ನಮ್ಮ ಊರು) ಯಾರೇ ನೆಂಟರು ಬರಲಿ, ನಾವು ಮೊದಲು ಕರೆದುಕೊಂಡು ಹೋಗುವುದು ಟೈಟಾನಿಕ್ ಮ್ಯೂಸಿಯಂಗೆ. ಫೋಟೋ ತೆಗೆಸಿಕೊಳ್ಳುತ್ತೇವೆ, ಕಾಫಿ ಕುಡಿಯುತ್ತೇವೆ, ವಾಪಸ್ ಬರುತ್ತೇವೆ. ಆದರೆ ಅಲ್ಲಿಂದ ಅಷ್ಟೇನೂ ದೂರವಿಲ್ಲದ ಬ್ರಿಜ್ ಎಂಡ್ ರಸ್ತೆಯ ಪಕ್ಕ, ಲಗಾನ್ ನದಿಯ ಪೂರ್ವ ದಂಡೆಯಲ್ಲಿ, ಇನ್ನೊಂದು ಜಾಗವಿದೆ. ಅದನ್ನು ತೋರಿಸುವವರು ಕಡಿಮೆ. ತೋರಿಸಲು ಅಲ್ಲಿ ಏನೂ ಉಳಿದಿಲ್ಲ ಅನ್ನುವುದೂ ನಿಜ. ನೂರು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಸಿರೋಕೋ ವರ್ಕ್ಸ್ ಎಂಬ ಕಾರ್ಖಾನೆ ಇತ್ತು. ಚಹಾ ಎಲೆ ಒಣಗಿಸುವ ಯಂತ್ರ ಮತ್ತು ಫ್ಯಾನು ಅಲ್ಲಿನ ಮುಖ್ಯ ಸರಕು.

ಈ ಊರಿನ ಹಳೆಯ ಕೈಗಾರಿಕೆ ಅಂದ ಕೂಡಲೇ ಹಡಗು, ಲಿನನ್ ಬಟ್ಟೆ, ಹಗ್ಗ ಅನ್ನುತ್ತಾರೆ. ಫ್ಯಾನು ಯಾರ ಬಾಯಲ್ಲೂ ಬರುವುದಿಲ್ಲ. ಭಾರತದಿಂದ ಬಂದ ನಾವಾದರೂ ಅದನ್ನು ನೆನೆಯಬೇಕು ಅಂತ ನನ್ನ ವಾದ. ಯಾಕೆಂದರೆ ಈ ಕಾರ್ಖಾನೆಯ ಕಥೆ ಶುರುವಾಗುವುದು ಬೆಲ್‌ಫಾಸ್ಟ್‌ನಲ್ಲಲ್ಲ, ಈಗಿನ ಅಸ್ಸಾಮಿನ ಕಾಚಾರ್‌ನಲ್ಲಿ.

ಈ ಕಾರ್ಖಾನೆ ಕಟ್ಟಿದ ಸ್ಯಾಮ್ಯುಯೆಲ್ ಕ್ಲೆಲ್ಯಾಂಡ್ ಡೇವಿಡ್‌ಸನ್ ಹುಟ್ಟಿದ್ದು 1846ರಲ್ಲಿ. 1864ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಕಾಚಾರ್‌ನ ಚಹಾ ತೋಟಕ್ಕೆ ಹೋದ. ಆ ತೋಟದಲ್ಲಿ ಅಪ್ಪನ ಪಾಲು ಇತ್ತು. ಆಗ ಚಹಾ ಅಂದರೆ ಹುಚ್ಚು ಹಿಡಿದ ಕಾಲ. ತೋಟದ ಷೇರಿಗೆ ಜನ ಮುಗಿಬೀಳುತ್ತಿದ್ದರು, ಗಿಡ ನೆಡದ ಕಾಡೂ ತೋಟವೆಂದು ಮಾರಾಟವಾಗುತ್ತಿತ್ತು. 1866ರ ಹೊತ್ತಿಗೆ ಎಲ್ಲ ಕುಸಿಯಿತು. ಉಳಿದುಕೊಂಡವರಿಗೆ ಇದ್ದ ದಾರಿ ಒಂದೇ: ಖರ್ಚು ಕಡಿಮೆ ಮಾಡಿ ಒಳ್ಳೆಯ ಚಹಾ ತೆಗೆಯುವುದು.

ಚಹಾ ಮಾಡುವುದರಲ್ಲಿ ಖರ್ಚು ಎಲ್ಲಿ ಬೀಳುತ್ತಿತ್ತು? ಕೊಯ್ದ ಎಲೆಯನ್ನು ಮೊದಲು ಬಾಡಿಸಬೇಕು. ಆಮೇಲೆ ಹೊಸೆಯಬೇಕು. ಎಲೆಯ ರಸ ಹೊರಬಂದು ಗಾಳಿಗೆ ಸೋಕಿ ಬಣ್ಣ ತಿರುಗುತ್ತದೆ. ಸರಿಯಾದ ಹೊತ್ತಿಗೆ ಅದನ್ನು ಬಿಸಿಯಲ್ಲಿ ಒಣಗಿಸಿ ನಿಲ್ಲಿಸಬೇಕು. ಹೊತ್ತು ಆಚೀಚೆ ಆದರೆ ರುಚಿ ಹೋಯಿತು. ಆ ಕಾಲದಲ್ಲಿ ಹೊಸೆಯುವುದು ಕೈಯಲ್ಲಿ, ಒಣಗಿಸುವುದು ಇದ್ದಿಲ ಕೆಂಡದ ಮೇಲೆ. ಕೆಂಡದ ಮೇಲೆ ಬಿದಿರಿನ ತಟ್ಟೆ, ತಟ್ಟೆ ತುಂಬ ಎಲೆ, ಪಕ್ಕದಲ್ಲಿ ನಿಂತು ಕೈಯಾಡಿಸುವ ಕೂಲಿಯವರು. ಒಂದು ಕಡೆ ಸೀದರೆ ಇನ್ನೊಂದು ಕಡೆ ಹಸಿ. ಇದ್ದಿಲಿಗಾಗಿ ಸುತ್ತಲ ಕಾಡು ಬೋಳಾಗುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡದ ಝಳ, ಇದ್ದಿಲ ಹೊಗೆ. ಅದನ್ನು ಉಸಿರಾಡಿದವರ ಹೆಸರು ಯಾವ ಪೇಟೆಂಟ್‌ನಲ್ಲೂ ಇಲ್ಲ ಬಿಡಿ. ಅವರು ಬಹುಪಾಲು ಛೋಟಾ ನಾಗಪುರದಂಥ ದೂರದ ಕಡೆಗಳಿಂದ ಕರಾರಿನ ಮೇಲೆ ತಂದ ಕೂಲಿಗಳು. ಓಡಿಹೋದವರನ್ನು ತೋಟದ ಮಾಲೀಕನೇ ಹಿಡಿಸಬಹುದು ಅಂತ 1865ರಲ್ಲಿ ಕಾನೂನೂ ಬಂತು. ಡೇವಿಡ್‌ಸನ್‌ನ ಜಾಣತನವನ್ನು ನಾನು ಮೆಚ್ಚುತ್ತೇನೆ. ಆದರೆ ಅವನು ಕೂತು ಯೋಚನೆ ಮಾಡಿದ್ದು ಎಂಥ ತೋಟದಲ್ಲಿ ಅನ್ನುವುದನ್ನು ಬಿಟ್ಟು ಬರೆಯುವುದಕ್ಕೆ ಮನಸ್ಸು ಬರುವುದಿಲ್ಲ.

ಅವನು ಕಂಡುಕೊಂಡ ಉಪಾಯ ಸರಳ. ಬೆಂಕಿ ಒಂದು ಕಡೆ ಇರಲಿ, ಎಲೆ ಇನ್ನೊಂದು ಕಡೆ. ನಡುವೆ ಬಿಸಿ ಗಾಳಿ ಮಾತ್ರ ಓಡಾಡಲಿ. ಕಬ್ಬಿಣದ ಒಲೆಯಲ್ಲಿ ಗಾಳಿ ಕಾದು, ಒಂದರ ಮೇಲೊಂದು ಜೋಡಿಸಿದ ಜಾಲರಿ ತಟ್ಟೆಗಳ ಮೂಲಕ ಹಾದುಹೋಗುತ್ತದೆ. ಹೊಗೆ ಎಲೆಗೆ ತಾಗುವುದೇ ಇಲ್ಲ. ಹಾಗಾಗಿ ಇದ್ದಿಲೇ ಬೇಕೆಂದಿಲ್ಲ, ಸೌದೆಯೋ ಕಲ್ಲಿದ್ದಲೋ ಸಾಕು. ಸಹಾರಾದಿಂದ ಮೆಡಿಟರೇನಿಯನ್ ಕಡೆಗೆ ಬೀಸುವ ಬಿಸಿ ಗಾಳಿಯ ಹೆಸರನ್ನೇ ಯಂತ್ರಕ್ಕಿಟ್ಟ: ಸಿರೋಕೋ. ಮುಂದೆ ಬೆಲ್‌ಫಾಸ್ಟ್‌ಗೆ ಮರಳಿ, 1881ರಲ್ಲಿ ಲಗಾನ್ ದಂಡೆಯಲ್ಲಿ ಸ್ವಂತ ಕಾರ್ಖಾನೆ ತೆರೆದ. ಅಲ್ಲಿ ತಯಾರಾದ ಯಂತ್ರಗಳು ಹಡಗು ಹತ್ತಿ ಭಾರತ, ಸಿಲೋನ್‌ಗಳ ಚಹಾ ತೋಟಗಳಿಗೆ ಹೋದವು.

ಒಣಗಿಸುವ ಯಂತ್ರ ದೊಡ್ಡದಾದಂತೆ ಒಂದು ತೊಡಕು ಬಂತು. ಬಿಸಿ ಗಾಳಿ ತಾನಾಗಿ ಮೇಲೇರುವುದು ಸಾಲದು, ಯಾರಾದರೂ ಅದನ್ನು ತಳ್ಳಬೇಕು. ಆಗಿನ ಫ್ಯಾನುಗಳಲ್ಲಿ ನಾಲ್ಕಾರು ಅಗಲ ರೆಕ್ಕೆ ಇರುತ್ತಿದ್ದವು, ದೋಣಿಯ ಹುಟ್ಟಿನಂತೆ. ಜಾಸ್ತಿ ಗಾಳಿ ಬೇಕೆಂದರೆ ಫ್ಯಾನನ್ನೇ ದೊಡ್ಡದು ಮಾಡಬೇಕು. ಕಲ್ಲಿದ್ದಲ ಗಣಿಗಳ ಬಾಯಲ್ಲಿ ಮನೆಗಿಂತ ಎತ್ತರದ ಫ್ಯಾನುಗಳು ಇದ್ದ ಕಾಲ ಅದು. 1898ರಲ್ಲಿ ಡೇವಿಡ್‌ಸನ್ ಪೇಟೆಂಟ್ ಪಡೆದ ಫ್ಯಾನು ಇದನ್ನು ತಲೆಕೆಳಗು ಮಾಡಿತು. ರೆಕ್ಕೆಗಳನ್ನು ಸಣ್ಣದು ಮಾಡಿದ, ಆದರೆ ಸಂಖ್ಯೆ ಹೆಚ್ಚಿಸಿದ. ಎರಡು ಉಂಗುರಗಳ ನಡುವೆ ಹತ್ತಾರು ಕಿರಿದಾದ ಪಟ್ಟಿಗಳು ಸುತ್ತಲೂ ನಿಂತಿರುತ್ತವೆ. ಒಂದೊಂದು ಪಟ್ಟಿಯೂ ತಿರುಗುವ ದಿಕ್ಕಿಗೇ ಬಾಗಿರುತ್ತದೆ. ನಡುವೆ ಪೂರ್ತಿ ಖಾಲಿ. ಗಾಳಿ ನಡುವಿನಿಂದ ಒಳಗೆ ಬರುತ್ತದೆ, ಅಂಚಿನಿಂದ ರಭಸವಾಗಿ ಹೊರಗೆ ಹೋಗುತ್ತದೆ. ಅಷ್ಟೇ ಅಗಲದ ಹಳೆಯ ಫ್ಯಾನಿಗಿಂತ ಎಷ್ಟೋ ಜಾಸ್ತಿ ಗಾಳಿ, ಅದೂ ಕಡಿಮೆ ಜಾಗದಲ್ಲಿ.

ನೋಡಬೇಕು ಅಂತಿದ್ದರೆ ಎಲ್ಲಿಗೂ ಹೋಗಬೇಕಾಗಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಹೀಟರ್ ಗಾಳಿ ಊದುವ ಚಕ್ರ ಸಾಮಾನ್ಯವಾಗಿ ಇದೇ ಆಕಾರದ್ದು. ಅಡಿಗೆಮನೆ ಚಿಮಣಿಗಳಲ್ಲೂ ಎಷ್ಟೋ ಕಡೆ ಇದೇ ಇರುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಕೂಗದಂತೆ ಘಾಟನ್ನು ಎಳೆದುಕೊಳ್ಳುವುದು ಚಹಾ ಒಣಗಿಸಲು ಹುಟ್ಟಿದ ಈ ಫ್ಯಾನಿನ ವಂಶವೇ. ಜಾಲರಿ ತೊಳೆಯಲು ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ಇಣುಕಿ. ಎಣ್ಣೆ ಜಿಡ್ಡು ಮೆತ್ತಿದ ಪಟ್ಟಿಗಳ ಸಾಲು ಕಂಡರೆ ಅದೇ. (ಸ್ವಿಚ್ ಆರಿಸಿ ಇಣುಕಿ, ದಯವಿಟ್ಟು.)

ಕಡಿಮೆ ಜಾಗ ಅಂದ ಮೇಲೆ ಹಡಗಿನವರು ಬಿಡುತ್ತಾರೆಯೇ? ಬಾಯ್ಲರ್ ಕೋಣೆಗೆ ಗಾಳಿ ಎಷ್ಟಿದ್ದರೂ ಸಾಲದು, ಬೆಂಕಿಗೂ ಬೇಕು, ಅಲ್ಲಿ ಕಲ್ಲಿದ್ದಲು ಸುರಿಯುವ ಆಳುಗಳಿಗೂ ಬೇಕು. ನೌಕಾಪಡೆ ತಗೊಂಡಿತು, ಗಣಿಗಳು ತಗೊಂಡವು. ನಾವು ಟಿಕೆಟ್ ಕೊಟ್ಟು ಕಥೆ ಕೇಳುವ ಆ ಟೈಟಾನಿಕ್‌ನ ಬಾಯ್ಲರ್ ಕೋಣೆಗಳಿಗೂ ಗಾಳಿ ಕೊಡುತ್ತಿದ್ದದ್ದು ಸಿರೋಕೋ ಫ್ಯಾನುಗಳೇ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನರು 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಬಂದರಿನಲ್ಲಿ ತಮ್ಮದೇ ಯುದ್ಧನೌಕೆಗಳನ್ನು ಮುಳುಗಿಸಿದರಲ್ಲ, ಅವುಗಳಲ್ಲೂ ಸಿರೋಕೋ ಫ್ಯಾನು ಇದ್ದವು ಅಂತ ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಹೇಳುವಾಗ ಸ್ವಲ್ಪ ಹೆಮ್ಮೆ, ಸ್ವಲ್ಪ ಮುಜುಗರ.

ಯುದ್ಧ ಡೇವಿಡ್‌ಸನ್ ಮನೆಯನ್ನೂ ಬಿಡಲಿಲ್ಲ. ಮಗ ಜೇಮ್ಸ್ 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ಕದನದ ಮೊದಲ ದಿನವೇ ಸತ್ತ. 1920ರ ಜುಲೈನಲ್ಲಿ ಊರಿನಲ್ಲೇ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಜಗಳದ ಬೆಂಕಿ ಹೊತ್ತಿತು. ಹಡಗುಕಟ್ಟೆಯಿಂದ ಕ್ಯಾಥೊಲಿಕ್ ಕೆಲಸಗಾರರನ್ನೂ, ಅವರ ಪರ ನಿಂತ ಪ್ರಾಟೆಸ್ಟೆಂಟರನ್ನೂ ಹೊಡೆದು ಓಡಿಸಿದರು. ಆ ಗಲಾಟೆ ಸಿರೋಕೋ ವರ್ಕ್ಸ್‌ಗೂ ಹಬ್ಬಿತು. ಕಾರ್ಖಾನೆಗೆ ಅಂಟಿಕೊಂಡಂತೆಯೇ ಶಾರ್ಟ್ ಸ್ಟ್ರ್ಯಾಂಡ್ ಇದೆ, ಕ್ಯಾಥೊಲಿಕರ ಬೀದಿಗಳು. ಗೇಟಿನ ಎದುರಿಗೇ ಮನೆ, ಆದರೂ ಒಳಗೆ ಕೆಲಸವಿಲ್ಲ. ಈ ಊರಿನ ಕೈಗಾರಿಕೆಯ ವೈಭವ ಹೇಳುವ ಫಲಕಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ.

1921ರ ಜೂನ್‌ನಲ್ಲಿ ಐದನೆಯ ಜಾರ್ಜ್ ಉತ್ತರ ಐರ್ಲೆಂಡಿನ ಪಾರ್ಲಿಮೆಂಟ್ ಉದ್ಘಾಟನೆಗೆ ಬಂದಾಗ ಡೇವಿಡ್‌ಸನ್‌ಗೆ ಸರ್ ಪದವಿ ಕೊಟ್ಟ. ಅದೇ ಆಗಸ್ಟ್‌ನಲ್ಲಿ ಅವನು ತೀರಿಕೊಂಡ. ಕಾರ್ಖಾನೆ ಮಾತ್ರ ಎಷ್ಟೋ ಕಾಲ ನಡೆಯಿತು. 1980ರ ದಶಕದಲ್ಲಿ ಸ್ಕಾಟ್ಲೆಂಡ್ ಮೂಲದ ಹೌಡನ್ ಕಂಪನಿಯ ಕೈಸೇರಿತು, 1990ರ ದಶಕದ ಕೊನೆಗೆ ಬಾಗಿಲು ಹಾಕಿತು. ಕಟ್ಟಡ ಕೆಡವಿದರು. ಆಫೀಸು, ಹೋಟೆಲು, ಮನೆ ಅಂತ ನಕ್ಷೆಯ ಮೇಲೆ ನಕ್ಷೆ ಬಂತು. ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಕಂಪನಿಯ ಹಳೆಯ ಕಾಗದಪತ್ರಗಳು ಟೈಟಾನಿಕ್ ಕ್ವಾರ್ಟರ್‌ನಲ್ಲಿರುವ ಸರ್ಕಾರಿ ದಾಖಲೆ ಕಚೇರಿಯಲ್ಲಿವೆ. ಯಾರು ಬೇಕಾದರೂ ಹೋಗಿ ನೋಡಬಹುದು, ಫೋಟೋ ಇರುವ ಗುರುತಿನ ಚೀಟಿ ಒಯ್ದರೆ ಆಯಿತು. ಇಲ್ಲಿನ ನಮ್ಮ ಸಂಘದಿಂದ ಒಂದು ಶನಿವಾರ ಒಟ್ಟಿಗೆ ಹೋಗೋಣ ಅಂತ ಯೋಚನೆ ಇತ್ತು, ಆದರೆ ಕಾಗದ ನೋಡುವುದಕ್ಕೆ ವಾರದ ದಿನವೇ ಒಳ್ಳೆಯದು ಅನ್ನಿಸುತ್ತದೆ. ಶಾಲೆ ರಜೆಯಲ್ಲಿ ಬಿಡುವಿರುವವರು ಹೆಸರು ಕೊಡಿ. ಇನ್ನೊಂದು ಕೋರಿಕೆ. ಈ ಸಲ ಊರಿಗೆ ಹೋದಾಗ ನೀಲಗಿರಿ ಕಡೆಯೋ ಚಿಕ್ಕಮಗಳೂರಿನ ಕೆಳಗೂರು ಕಡೆಯೋ ಚಹಾ ಕಾರ್ಖಾನೆ ನೋಡುವ ಅವಕಾಶ ಸಿಕ್ಕರೆ, ಹಳೆಯ ಯಂತ್ರಗಳ ಮೇಲೆ ಎರಕದ ಅಕ್ಷರಗಳಲ್ಲಿ ಏನು ಬರೆದಿದೆ ಅಂತ ಓದಿ. ಬೆಲ್‌ಫಾಸ್ಟ್ ಅಂತ ಕಂಡರೆ ಒಂದು ಫೋಟೋ ತೆಗೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.