ಕೊಂಡ ಹಾಡನ್ನು ಇವತ್ತೇ ಇಳಿಸಿಕೋ

ಪ್ರೀತಿಯ ಗೆಳೆಯ,

ಫೋನಿನಲ್ಲಿ ನೀನು ಕೇಳಿದ್ದೆ: ದುಡ್ಡು ಕೊಟ್ಟು ಕೊಂಡ ಆಲ್ಬಮ್ ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ಜಾಲತಾಣದ ಖಾತೆಯಲ್ಲೇ ಉಂಟಲ್ಲ, ಮತ್ತೆ ಯಾಕೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಅಂತ. ಇಳಿಸಿಕೋ ಮಾರಾಯ, ಇವತ್ತೇ.

ಮೈಸ್ಪೇಸ್ ಎಂಬ ಜಾಲತಾಣ ನೆನಪುಂಟಾ? ಒಂದು ಕಾಲದಲ್ಲಿ ಹೊಸ ಬ್ಯಾಂಡುಗಳೆಲ್ಲ ಅಲ್ಲೇ ಹಾಡು ಹಾಕುತ್ತಿದ್ದವು. ಸರ್ವರ್ ಬದಲಾಯಿಸುವಾಗ ಹಳೆಯ ಹಾಡುಗಳೆಲ್ಲ ಅಳಿಸಿಹೋದವು ಅಂತ 2019ರಲ್ಲಿ ಸುದ್ದಿಯಾಯಿತು. ಸುಮಾರು 5 ಕೋಟಿ ಹಾಡು! ಬ್ಯಾಂಡ್‌ಕ್ಯಾಂಪ್ ನನಗೆ ತುಂಬಾ ಇಷ್ಟ. ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಅಥವಾ 10 ರೂಪಾಯಿ ಮಾತ್ರ ಇಟ್ಟುಕೊಳ್ಳುತ್ತದೆ. ಆದರೆ 2022ರಲ್ಲಿ ಅದು ಎಪಿಕ್ ಗೇಮ್ಸ್ ಎಂಬ ಗೇಮ್ ಕಂಪನಿಯ ಪಾಲಾಯಿತು, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಇನ್ನೊಂದು ಕಂಪನಿಯ ಕೈಗೆ ಹೋಯಿತು. ನಾಳೆ ಯಾರೋ?

ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಮಂಗಳೂರಿನ ನಾಲ್ಕು ಹುಡುಗರು ಮನೆಯ ಕೋಣೆಯಲ್ಲಿ ರೆಕಾರ್ಡ್ ಮಾಡಿದ ತುಳು ಆಲ್ಬಮನ್ನು ಮೂವತ್ತು ಜನ ಕೊಂಡರೆ ಅದೇ ದೊಡ್ಡದು. ಅವರ ಲ್ಯಾಪ್‌ಟಾಪ್ ಕೆಟ್ಟುಹೋದರೆ? ಕೊಂಡವರ ಹತ್ತಿರ ಇರುವುದೇ ಆಗ ಮೂಲಪ್ರತಿ. ನನಗೆ ಇದೊಂದೇ ಕಾರಣ ಸಾಕು.

ಇಳಿಸುವಾಗ ಫ್ಲಾಕ್ (FLAC) ಎಂಬ ಫೈಲಿನ ಬಗೆಯನ್ನು ಆರಿಸು. ಎಂಪಿ3 ಮಾಡುವಾಗ ದನಿಯ ಸ್ವಲ್ಪ ಭಾಗ ಕಳೆದೇ ಹೋಗುತ್ತದೆ. ಫ್ಲಾಕ್‌ನಲ್ಲಿ ಏನೂ ಹೋಗುವುದಿಲ್ಲ, ಆದರೂ ಫೈಲು ಮೂಲದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಲ್ಬಮ್‌ಗೆ 300 ಎಂಬಿ ಅಂತ ಇಟ್ಟರೂ 1 ಟಿಬಿ ಡಿಸ್ಕಿನಲ್ಲಿ ಮೂರು ಸಾವಿರ ಆಲ್ಬಮ್ ಹಿಡಿಯುತ್ತದೆ. ಇನ್ನೊಂದು ಗುಣ ನನಗೆ ಬಹಳ ಮೆಚ್ಚುಗೆ. ಮೂಲ ದನಿಯಿಂದ ಲೆಕ್ಕ ಹಾಕಿದ ಎಂಡಿ5 ಎಂಬ ಗುರುತು ಫ್ಲಾಕ್ ಫೈಲಿನೊಳಗೇ ಇರುತ್ತದೆ. ಫೈಲನ್ನು ಆ ಗುರುತಿಗೆ ಹೋಲಿಸಿ ಟೆಸ್ಟ್ ಮಾಡಿದರೆ ಯಾವ ಹಾಡು ಹಾಳಾಗಿದೆ ಅಂತ ಕೂಡಲೇ ತಿಳಿಯುತ್ತದೆ, ಕಿವಿಗೊಟ್ಟು ಒಂದೊಂದೇ ಕೇಳಬೇಕಾಗಿಲ್ಲ.

ಫೈಲಿನಲ್ಲಿ ಹಾಡಿನ ಹೆಸರು, ವರ್ಷ ತುಂಬಲು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ತಂತ್ರಾಂಶ ಉಂಟು. ಆದರೆ ನಮ್ಮ ಕಡೆಯ ಸಣ್ಣ ಆಲ್ಬಮ್‌ಗಳು ಅದರಲ್ಲಿ ಸಿಗುವುದು ಅಪರೂಪ. ಆಗ ಕೈಯಾರೆ ಬರೆದಿಡು. ಚೆಂಡೆ ಯಾರದ್ದು, ಸಾಹಿತ್ಯ ಯಾರದ್ದು, ಎಲ್ಲವನ್ನೂ. ಮುಖಚಿತ್ರವನ್ನೂ ಬಿಡಬೇಡ.

ಬೆಂಗಳೂರಿನಲ್ಲಿ ನಿನಗೆ ಅಷ್ಟು ಕಷ್ಟವಿಲ್ಲ. ಉಡುಪಿಯ ಮಳೆಗಾಲ ನಿನಗೆ ಗೊತ್ತೇ ಉಂಟಲ್ಲ, ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ನನ್ನ ಡಿಸ್ಕ್ ಇರುವುದು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಸಿಡಿಲಿನ ದಿನ ಅದನ್ನು ಕಂಪ್ಯೂಟರಿಗೆ ಸಿಕ್ಕಿಸುವುದೇ ಇಲ್ಲ. ಎರಡನೇ ಡಿಸ್ಕ್ ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿದೆ. ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ಟರೆ ನೀರೋ ಬೆಂಕಿಯೋ ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋಗುತ್ತದೆ, ಅಲ್ವಾ? ಮೇ ತಿಂಗಳಲ್ಲಿ ಅಕ್ಕ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಅಲ್ಲಿಗೆ ಹೋಗಿ, ಎರಡೂ ಡಿಸ್ಕುಗಳನ್ನು ಟೆಸ್ಟ್ ಮಾಡಿ ಬರುತ್ತೇನೆ.

ನನ್ನ ಹತ್ತಿರದ ಆ ತುಳು ಹಾಡುಗಳ ಕಾಪಿ ಕೇಳಿದ್ದೆಯಲ್ಲ, ಅದನ್ನು ಮಾತ್ರ ಕೊಡುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ ಕೊಂಡುಕೋ. ಆ ದಿನ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ, ಹುಡುಗರಿಗೆ ಎರಡು ಕಾಸು ಜಾಸ್ತಿ ಸಿಗುತ್ತದೆ. ಡಿಸ್ಕ್ ತೆಗೆದುಕೊಂಡ ಮೇಲೆ ಫೋನ್ ಮಾಡು, ಟೆಸ್ಟ್ ಮಾಡುವುದು ಹೇಗೆ ಅಂತ ಹೇಳಿಕೊಡುತ್ತೇನೆ.

ನಿನ್ನ ಗೆಳೆಯ,
ಉಡುಪಿಯಿಂದ